ಮರೆಯಲ್ಲಿದ್ದ ಇನ್ನೂರ ಹದಿನಾಲ್ಕು

ಟರ್ರನೆ ಹರಿಯುತ್ತದೆ ಟೇಪು, ಒಂದು ಪೆಟ್ಟಿಗೆಗೆ ಮೂರು ಸಲ, ಉದ್ದಕ್ಕೊಂದು ಅಡ್ಡಕ್ಕೆರಡು, ಗೋಂದಣ್ಣ ಇದರಲ್ಲೂ ಶಿಸ್ತು ಬಿಡುವವನಲ್ಲ, ಬೆಳಗಿನಿಂದ ಗ್ರಂಥಾಲಯದ ಹಿಂಬಾಗಿಲ ಬಳಿ ಮೊಣಕಾಲೂರಿ ಕೂತಿದ್ದಾನೆ, ಕತ್ತರಿ ಜೇಬಲ್ಲೇ ಇದ್ದರೂ ಟೇಪನ್ನು ಹಲ್ಲಲ್ಲೇ ಕಡಿಯುತ್ತಾನೆ, ಆ ಸದ್ದಿಗೆ ಕೋಣೆಯೊಳಗೆ ಪರದೆಯ ಮುಂದೆ ಕೂತ ಅವಳ ಹಲ್ಲೂ ಜುಂ ಎನ್ನುತ್ತದೆ—ಇಪ್ಪತ್ತೆಂಟು ವರ್ಷ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸಿದ ಕೈ ಅದು, ಉಗುರಿನ ಸಂದಿಯ ಗೋಂದು ಈಗ ತೊಳೆದರೂ ಹೋಗದು, ನಿನ್ನ ಕೈ ಹಿಡಿದವ್ರು ಬಿಡಿಸ್ಕೊಂಡು ಹೋಗೋದೇ ಕಷ್ಟ ಅಂತಾಳೆ ನಮ್ಮನೆಯವಳು ಮೇಡಂ, ಎಂದು ತಾನೇ ಹೇಳಿ ತಾನೇ ನಗುವವನು, ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಇವತ್ತು ಅದೇ ಕೈ ಅದೇ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದೆ, ಮೂರು ಗಂಟೆಗೆ ಲಾರಿ ಬರುತ್ತದೆ, ಇಲ್ಲಿಂದ ಸೀದಾ ಕಾಗದ ಅರೆಯುವ ಕಾರ್ಖಾನೆಗೆ, ಗೋಡೆಯ ಗಡಿಯಾರದಲ್ಲಿ ಎರಡು ಹತ್ತು. ಹತ್ತು ವರ್ಷದಿಂದ ಯಾರೂ ಕೇಳದ ಪುಸ್ತಕಗಳು, ಆರು ಸಾವಿರದ ನಾನೂರ ಹನ್ನೆರಡು, ಪಟ್ಟಿ ಮಾಡಿದ್ದು ಯಂತ್ರ, ಪರಿಶೀಲಿಸಲಾಗಿದೆ ಎಂದು ಕೆಳಗೆ ಸಹಿ ಹಾಕಿದ್ದು ಅವಳು. ಪರಿಶೀಲಿಸಿದ್ದು ಮೊದಲ ನಲವತ್ತು ಪುಟ, ಆಮೇಲೆ ಕಣ್ಣು ಮಂಜಾಯಿತು, ಅಕ್ಕನಿಗೆ ಮಾತ್ರೆ ಕೊಡುವ ಹೊತ್ತೂ ಆಗಿತ್ತು, ಯಂತ್ರ ಎಣಿಕೆಯಲ್ಲಿ ತಪ್ಪುತ್ತದೆಯೇ ಎಂದು ಸಹಿ ಜಡಿದು ಎದ್ದಿದ್ದಳು.

ತಪ್ಪುತ್ತದೆಯೇ, ಅದನ್ನೇ ಈಗ ಹುಡುಕುತ್ತಿದ್ದಾಳೆ, ಒಂದೇ ಒಂದು ತಪ್ಪು ಸಿಕ್ಕರೆ ಸಾಕು, ನಾಲ್ಕು ಗಂಟೆಗೆ ಮಹಡಿಯ ಮೇಲೆ ಸಮಿತಿ ಕೂರುತ್ತದೆ, ಈ ಹಿಂದಿನ ಕೋಣೆ ಇರಬೇಕೋ ಬೇಡವೋ ಎಂದು, ಇವಳಿಗೂ ಗೋಂದಣ್ಣನಿಗೂ ಎರಡು ಕುರ್ಚಿ ಉಳಿಸಬೇಕೋ ಬೇಡವೋ ಎಂದು. ಮುಖ್ಯಸ್ಥೆ ಒಳ್ಳೆಯವಳೇ, ಇವಳಿಗಿಂತ ಹದಿನೆಂಟು ವರ್ಷ ಚಿಕ್ಕವಳು, ಬೈಯುವುದಿಲ್ಲ, ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು, ನಗುನಗುತ್ತಲೇ ಹೇಳಿದಳು, ಮೇಡಂ, ಪುಸ್ತಕ ಇನ್ಮೇಲೆ ಕಂಪನಿಯಿಂದ್ಲೇ ರೆಡಿಯಾಗಿ ಬರುತ್ತೆ, ಚೀಟಿ ಅಂಟಿಸ್ಕೊಂಡು, ವರ್ಗದ ನಂಬರು ಹಾಕ್ಕೊಂಡು, ದಾಖಲೆ ಸಮೇತ, ಪೆಟ್ಟಿಗೆ ಒಡೆದು ಕಪಾಟಿಗೆ ಇಟ್ರೆ ಆಯ್ತು, ನಿಮ್ಮ ವಿಭಾಗಕ್ಕೆ ನಾನೇನು ಕೆಲಸ ಕೊಡ್ಲಿ ನೀವೇ ಹೇಳಿ. ಹೇಳಲು ಇವಳ ಬಳಿ ಏನಿತ್ತು, ಮೂವತ್ತೊಂದು ವರ್ಷ ಮಾಡಿದ್ದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಪುಸ್ತಕ ಬಂದಾಗಿನಿಂದ ಓದುಗನ ಕೈ ಸೇರುವವರೆಗೆ ನಡುವೆ ಆಗುವುದೆಲ್ಲ ಈ ಕೋಣೆಯಲ್ಲೇ ಆಗುತ್ತದೆ, ಸರಿಯಾಗಿ ಆದರೆ ಆದದ್ದೇ ಗೊತ್ತಾಗುವುದಿಲ್ಲ, ಈಗ ಕೆಲಸ ಎಲ್ಲರಿಗೂ ಕಾಣಲಿ ಎಂದು ಓದುವ ಸಭಾಂಗಣದ ಕಡೆಯ ಗೋಡೆ ಒಡೆದು ಗಾಜು ಕೂರಿಸಿದ್ದಾರೆ, ಕೆಲಸವೇ ಹೋಗುವ ಕಾಲಕ್ಕೆ ಗಾಜು. ಕೊನೆಗೆ ಒಂದು ಟಿಪ್ಪಣಿ ಬರೆದುಕೊಡಿ ಸಮಿತಿಯ ಮುಂದಿಡ್ತೀನಿ ಅಂದಳು ಮುಖ್ಯಸ್ಥೆ, ಮೂರು ದಿನ ಕೂತು ಬರೆದದ್ದು ಒಂದು ಪುಟ, ಅದರಲ್ಲಿ ಒಂದು ಸಾಲು, ಈ ಮೂವತ್ತೊಂದು ವರ್ಷಗಳಲ್ಲಿ ಈ ವಿಭಾಗದ ಕೈಯಲ್ಲಿ ಒಂದೇ ಒಂದು ಪುಸ್ತಕವೂ ಕಳೆದುಹೋಗಿಲ್ಲ. ರಾತ್ರಿ ಊಟದ ಹೊತ್ತಿಗೆ ಅಕ್ಕನಿಗೆ ಓದಿ ಹೇಳಿದಳು, ಅಕ್ಕ ಓರೆಯಾದ ಬಾಯಲ್ಲೇ ನಕ್ಕಳು, ಮನೇಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿಟ್ಟೋಳು ನೀನು, ಕಳೀತದೇನೇ ಏನಾದ್ರೂ, ನಾನೇ ಹನ್ನೊಂದು ವರ್ಷದಿಂದ ಕಳ್ದುಹೋಗೋಕೆ ನೋಡ್ತಿದೀನಿ, ಬಿಟ್ಟಿದ್ಯಾ ನೀನು. ಅಕ್ಕನ ತಮಾಷೆಯೇ ಹಾಗೆ, ನಗುವುದೋ ಅಳುವುದೋ ತಿಳಿಯುವುದಿಲ್ಲ.

ಪಟ್ಟಿ ಸರಿಯುತ್ತಿದೆ, ನೂರಾಹತ್ತನೆಯ ಪುಟ, ನೂರಾಹನ್ನೊಂದು, ಹಳೆಯ ವಾರ್ಷಿಕ ವರದಿಗಳು, ಓಬೀರಾಯನ ಕಾಲದ ಟೈಪಿಂಗ್ ಕಲಿಯುವ ಪುಸ್ತಕ, ಹೋಗಲಿ ಪಾಪ ಅದು, ನೂರಾಹನ್ನೆರಡು—ಇದೇನಿದು, ಬೆರಳು ತಾನಾಗಿ ನಿಂತಿತು, ಪುಸ್ತಕ ಬಂದ ಕ್ರಮದಲ್ಲಿ ಕೊಡುವ ಸೇರ್ಪಡೆ ಸಂಖ್ಯೆಗಳು ಒಂದರ ಬೆನ್ನಿಗೊಂದು, ಒಂದನ್ನೂ ಬಿಡದೆ, ಅಡುಗೆಮನೆಯ ವಿನ್ಯಾಸ, ಸೇತುವೆ ಕಟ್ಟುವ ಕೆಲಸ, ಮಕ್ಕಳ ಕಿವಿಯ ಕಾಯಿಲೆ, ಎರಡು ಕಾದಂಬರಿ, ಒಂದಕ್ಕೊಂದು ಸಂಬಂಧವಿಲ್ಲ, ಆದರೂ ಎಲ್ಲದರ ಮುಂದೆ ಸೊನ್ನೆ, ಹತ್ತು ವರ್ಷದಲ್ಲಿ ಸೊನ್ನೆ ಸಲ. ಒಂದೇ ವಾರ ಬಂದ ಇನ್ನೂರು ಚಿಲ್ಲರೆ ಪುಸ್ತಕಗಳಲ್ಲಿ ಒಂದನ್ನೂ ಒಬ್ಬನೂ ಕೇಳಲಿಲ್ಲವೆಂದರೆ ಯಾರು ನಂಬುತ್ತಾರೆ, ಮಕ್ಕಳ ಕಿವಿ ನೋವನ್ನಾದರೂ ಯಾವ ತಾಯಿಯೂ ಕೇಳಲಿಲ್ಲವೇ, ಸಿಕ್ಕಿಬಿದ್ದೆಯಾ ಮಗನೇ, ಎಂದು ಅವಳು ಯಂತ್ರಕ್ಕೆ ಬಾಯಿಬಿಟ್ಟೇ ಹೇಳಿದಳು, ಗೋಂದಣ್ಣ ತಲೆಯೆತ್ತಿ, ಏನಂದ್ರಿ ಮೇಡಂ ಎಂದ, ನಿಂಗಲ್ಲ ಮಾರಾಯ ಯಂತ್ರಕ್ಕೆ, ತಪ್ಪು ಸಿಕ್ತು, ಬೇಟೆ ಸಿಕ್ತು. ನಂಗೊತ್ತಿತ್ತು ನೀವು ಹಿಡೀತೀರ ಅಂತ, ಅಂದ ಗೋಂದಣ್ಣ, ಅವನ ಮುಖ ಅರಳಿದ್ದು ಆ ದೂರದಿಂದಲೂ ಕಂಡಿತು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾದಂತಾಯಿತು, ಟಿಪ್ಪಣಿಗೆ ಹೊಸ ಸಾಲು ಮನಸ್ಸಿನಲ್ಲೇ ಸಿದ್ಧವಾಯಿತು, ಉದಾಹರಣೆಗೆ ಯಂತ್ರವು ಇನ್ನೂರ—ಎಷ್ಟು, ಎಣಿಸಿದಳು, ಇನ್ನೂರ ಹದಿನಾಲ್ಕು. ಮೊದಲನೆಯ ದಾಖಲೆಯನ್ನು ತೆರೆದಳು, ಎಲ್ಲ ಸರಿಯಿದೆ, ಶೀರ್ಷಿಕೆ ಸರಿ, ವರ್ಗ ಸರಿ, ಕಪಾಟು ಸರಿ, ಎಡಗಡೆ ಮೇಲೆ ಆ ಚಿಕ್ಕ ಚೌಕದಲ್ಲಿ ಗುರುತು ಹಾಗೇ ಇದೆ, ಮರೆ. ಎರಡನೆಯದು, ಮರೆ. ಹತ್ತನೆಯದು, ಇನ್ನೂರನೆಯದು, ಮರೆ, ಮರೆ, ಸಿದ್ಧಪಡಿಸಿದವರು ಎಂಬಲ್ಲಿ ಅವಳದೇ ಮೊದಲಕ್ಷರಗಳು, ಹನ್ನೊಂದು ವರ್ಷದ ಹಿಂದಿನ ದಿನಾಂಕ. ಆ ದಿನಾಂಕವನ್ನು ಅವಳು ಯಾರಲ್ಲೂ ಕೇಳಬೇಕಾಗಿಲ್ಲ.

ಹೊಸ ಪುಸ್ತಕದ ದಾಖಲೆ ಅರ್ಧಂಬರ್ಧ ಓದುಗರ ಕಣ್ಣಿಗೆ ಬೀಳಬಾರದು, ಅದಕ್ಕೆ ಶುರುಮಾಡುವಾಗ ಮರೆ ಹಾಕುವುದು, ಮುಗಿದ ಮೇಲೆ ತೆಗೆಯುವುದು, ಬೇರೆಯವರು ಒಂದೊಂದಾಗಿ ತೆಗೆಯುತ್ತಿದ್ದರು, ಅವಳದು ಮಾತ್ರ ಬೇರೆ ಪದ್ಧತಿ, ಒಟ್ಟಿಗೆ ಬಂದ ಇಡೀ ಕಂತು ಮುಗಿದ ಮೇಲೆ ಒಂದೇ ಏಟಿಗೆ ಎಲ್ಲದರ ಮರೆ ತೆಗೆಯುವುದು, ಎಲ್ಲವೂ ಒಟ್ಟಿಗೆ ಬೆಳಕಿಗೆ ಬರಲಿ ಎಂದು, ಅದೊಂದು ಜಂಭ, ಹೊಸಬರಿಗೆ ಅದನ್ನೇ ಕಲಿಸಿದ್ದಳು ಕೂಡ. ಆ ದಿನ ಮಧ್ಯಾಹ್ನ ಕೊನೆಯ ಪುಸ್ತಕದ ಕೊನೆಯ ಸಾಲು ಮುಗಿಸಿದ್ದಳು, ಇನ್ನು ಮರೆ ತೆಗೆಯುವುದೊಂದೇ ಬಾಕಿ, ಫೋನು ಬಂತು, ಪಕ್ಕದ ಮನೆಯವಳು, ನಿಮ್ಮಕ್ಕ ಬಚ್ಚಲಲ್ಲಿ ಬಿದ್ದಿದ್ದಾರೆ, ಮಾತು ಬರ್ತಿಲ್ಲ, ಬೇಗ ಬನ್ನಿ—ಪೆನ್ನನ್ನು ಮುಡಿಗೆ ಸಿಕ್ಕಿಸಿಕೊಂಡೇ ಓಡಿದ್ದಳು, ಆಸ್ಪತ್ರೆಯ ದಾದಿ ಹೇಳಿದ ಮೇಲೆ ಗೊತ್ತಾಯಿತು, ಹತ್ತೊಂಬತ್ತು ದಿನ ಆ ಬೆಂಚು, ಆ ಔಷಧದ ವಾಸನೆ, ಅಕ್ಕನ ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯಂತೆ. ಇಲ್ಲಿ ಗೋಂದಣ್ಣ ತನ್ನ ಪಾಡಿಗೆ ತಾನು ಚೀಟಿ ಅಂಟಿಸಿ ಪುಸ್ತಕಗಳನ್ನು ನೆಲಮಾಳಿಗೆಗೆ ಇಳಿಸಿದ್ದ, ಅವನದೇನೂ ತಪ್ಪಿಲ್ಲ, ಅವಳು ಮರಳಿ ಬಂದಾಗ ಮೇಜಿನ ಮೇಲೆ ಹೊಸ ಕಂತು ಕಾಯುತ್ತಿತ್ತು, ಹಳೆಯದು ಮುಗಿದಿದೆ ಎಂದುಕೊಂಡಳು, ಮುಗಿದೇ ಇತ್ತು, ಒಂದು ಗುಂಡಿ ಒತ್ತುವುದು ಬಿಟ್ಟು. ಇದು ಓದುಗರು ಕಪಾಟಿನವರೆಗೆ ಹೋಗುವ ಗ್ರಂಥಾಲಯವಲ್ಲ, ಮೇಲೆ ಪರದೆಯಲ್ಲಿ ಹುಡುಕಿ ಚೀಟಿ ಬರೆದುಕೊಟ್ಟರೆ ಮಾತ್ರ ಪುಸ್ತಕ ನೆಲಮಾಳಿಗೆಯಿಂದ ಮೇಲೆ ಬರುತ್ತದೆ, ಪರದೆಯಲ್ಲಿ ಕಾಣದ್ದನ್ನು ಯಾರು ಕೇಳುತ್ತಾರೆ. ಹನ್ನೊಂದು ವರ್ಷ ಅವು ಕತ್ತಲಲ್ಲಿ ಬೆನ್ನಿಗೆ ನಂಬರು ಹೊತ್ತು ನಿಂತಿದ್ದವು, ಯಂತ್ರ ಎಣಿಸಿದ್ದು ಸರಿಯಾಗಿಯೇ ಇದೆ.

ಎರಡು ಇಪ್ಪತ್ತೈದು, ಯಾಕೋ ಪಟ್ಟಿಯನ್ನು ಇನ್ನೂ ಕೆಳಗೆ ಸರಿಸಿದಳು, ಸರಿಸಬಾರದಿತ್ತು, ನೂರ ತೊಂಬತ್ತೆಂಟನೆಯದು, ಊರ ಗೋಡೆಗಳ ಪಾಚಿ, ತೊಂಬತ್ತಾರು ಪುಟ, ಚಿತ್ರಗಳು ಲೇಖಕಿಯವೇ. ಆ ಪುಸ್ತಕ ಅವಳಿಗೆ ಗೊತ್ತು, ತೆಳ್ಳಗೆ, ಹಸಿರು ರಟ್ಟು, ಬಸ್ ನಿಲ್ದಾಣದ ಹಿಂದಿನ ಗೋಡೆ, ಹಳೆಯ ಈಜುಕೊಳದ ಮೆಟ್ಟಿಲು, ಶಾಲೆಯ ನೀರಿನ ತೊಟ್ಟಿ, ಯಾವ ಕಲ್ಲಿನ ಮೇಲೆ ಯಾವ ಪಾಚಿ ಬೆಳೆಯುತ್ತದೆ ಎಂದು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಬರೆದ ಚಿತ್ರಗಳು, ಪಾಚಿಗೆ ವರ್ಗದ ನಂಬರು ಐನೂರ ಎಂಬತ್ತೆಂಟು, ಆ ಸಂಖ್ಯೆಯಲ್ಲಿ ಇಡೀ ಗ್ರಂಥಾಲಯಕ್ಕೆ ಅದೊಂದೇ ಪುಸ್ತಕ, ಖುಷಿಯಿಂದ ಒಂದು ಗಂಟೆ ಅದರ ಮೇಲೆ ಕಳೆದಿದ್ದಳು, ಆಮೇಲೆ ಆ ಹತ್ತೊಂಬತ್ತು ದಿನ ಎಲ್ಲವನ್ನೂ ಒರೆಸಿಹಾಕಿದವು. ಮತ್ತೆ ಎರಡು ವರ್ಷಕ್ಕೆ ಆ ಮನುಷ್ಯ ಕೌಂಟರಿಗೆ ಬಂದರು, ಮೂರನೇ ಮೇಜು, ಎಲ್ಲರೂ ಅವರನ್ನು ಕರೆಯುವುದೇ ಹಾಗೆ, ದಿನಾ ಮೂರನೆಯ ಮೇಜಿನಲ್ಲಿ ಕೂತು ಪತ್ರಿಕೆ ಓದುವವರು, ಕೌಂಟರಿನವನು ರಜೆಯಲ್ಲಿದ್ದ, ಅಲ್ಲಿ ಕೂತಿದ್ದವಳು ಅವಳು. ಒಂದು ಪುಸ್ತಕ ಬೇಕಿತ್ತಮ್ಮ, ನನ್ನ ಮಗಳು ಬರೆದದ್ದು, ನಾನೇ ಇಲ್ಲಿಗೆ ಕೊಟ್ಟಿದ್ದೆ, ಇವತ್ತು ಅವಳು ಹೋದ ದಿನ, ಒಂದ್ಸಲ ನೋಡೋಣ ಅಂತ. ಹುಡುಕಿದಳು, ಪರದೆಯಲ್ಲಿ ಸೊನ್ನೆ, ನಮ್ಮಲ್ಲಿಲ್ಲ ಯಜಮಾನ್ರೇ. ಇದೆಯಮ್ಮ, ಇನ್ನೊಂದ್ಸಲ ನೋಡಿ. ಅವಳಿಗೆ ರೇಗಿತು, ಹೌದು ರೇಗಿತು, ಮನೆಗೆ ಹೋಗಿ ಅಕ್ಕನ ಕೈಕಾಲು ತಿಕ್ಕಬೇಕಿತ್ತು, ಪರದೆಯನ್ನೇ ಅವರ ಕಡೆ ತಿರುಗಿಸಿದಳು, ನೀವೇ ನೋಡ್ಕೊಳ್ಳಿ. ಅವರು ಕನ್ನಡಕವನ್ನು ಹಣೆಗೇರಿಸಿ, ಮುಖವನ್ನು ಹತ್ತಿರ ತಂದು, ತೋರುಬೆರಳನ್ನು ಗಾಜಿನ ಮೇಲೆ ಆ ಸೊನ್ನೆಯ ಕೆಳಗೆ ಇಟ್ಟು ನಿಂತರು, ಎಷ್ಟು ಹೊತ್ತು, ಬೆರಳ ತುದಿಯಲ್ಲಿ ಪತ್ರಿಕೆಯ ಮಸಿ. ದಾನ ಬಂದದ್ದೆಲ್ಲ ಇಟ್ಕೊಳ್ಳೋಕಾಗಲ್ಲ, ತೆಗೆದುಹಾಕಿರ್ತಾರೆ, ಇನ್ನೊಂದು ಪ್ರತಿ ಇದ್ರೆ ಕೊಡಿ, ಅಂದಳು. ಇಲ್ಲಮ್ಮ, ಮನೇಲಿದ್ದವೆಲ್ಲ ನೀರು ನುಗ್ಗಿ ನೆನೆದುಹೋದ್ವು, ಇಲ್ಲಿ ಜೋಪಾನವಾಗಿರುತ್ತೆ ಅಂತ ಒಂದು ಕೊಟ್ಟಿದ್ದೆ, ಹೋಗ್ಲಿ ಬಿಡಿ. ಹೋಗ್ಲಿ ಬಿಡಿ ಅಂದರು, ಇವಳಿಗೇ ಸಮಾಧಾನ ಹೇಳುವಂತೆ. ಒಳಗೆ ಬಂದು, ಮರೆಯಲ್ಲಿದ್ದವೂ ಕಾಣುವ ತನ್ನ ಪರದೆಯಲ್ಲಿ ನೋಡಿದ್ದರೆ ಸಿಕ್ಕಿಬಿಡುತ್ತಿತ್ತು, ಕೌಂಟರಿನಿಂದ ಇಲ್ಲಿಗೆ ಮೂವತ್ತು ಹೆಜ್ಜೆ. ಅವರು ಹೋದ ಮೇಲೆ ಗಾಜಿನ ಮೇಲಿನ ಮಸಿಯನ್ನು ಬಟ್ಟೆಯಿಂದ ಒರೆಸಿದ್ದಳು.

ಏಳಬೇಕು. ಎದ್ದು, ಗೋಂದಣ್ಣ ನಿಲ್ಸು ಅನ್ನಬೇಕು, ಅಷ್ಟೇ, ಎರಡೇ ಪದ, ಎರಡು ನಲವತ್ತು, ಪೆಟ್ಟಿಗೆಗಳು ಇನ್ನೂ ಬಾಗಿಲಲ್ಲೇ ಇವೆ, ಯಾವುದರಲ್ಲಿದೆಯೋ, ಒಡೆದರೆ ಸಿಗುತ್ತದೆ, ಸಾಯಂಕಾಲದವರೆಗೆ ಒಡೆದರೂ ಸರಿ—ಆದರೆ ಯಾಕೆ ನಿಲ್ಸಿದ್ರಿ ಎಂದು ಮುಖ್ಯಸ್ಥೆ ಕೇಳುತ್ತಾಳೆ, ಸಹಿ ನಿಮ್ಮದೇ ಅಲ್ವಾ ಮೇಡಂ, ನಗುನಗುತ್ತಲೇ ಕೇಳುತ್ತಾಳೆ, ಆಗ ಹೇಳಬೇಕು, ಈ ವಿಭಾಗದ ಕೈಯಲ್ಲಿ ಇನ್ನೂರ ಹದಿನಾಲ್ಕು ಪುಸ್ತಕ ಹನ್ನೊಂದು ವರ್ಷ ಕಳೆದುಹೋಗಿದ್ದವು, ಯಾರಿಗೂ ಗೊತ್ತಾಗಲಿಲ್ಲ, ಹುಡುಕಿಕೊಟ್ಟದ್ದು ಯಂತ್ರ. ಸಮಿತಿಗೆ ಇನ್ನೇನು ಬೇಕು, ಹಾಲು ಕುಡಿದಷ್ಟು ಸಂತೋಷ. ತನ್ನದು ಹೋಗಲಿ, ತನಗೆ ಇನ್ನೆಷ್ಟು ವರ್ಷ, ಗೋಂದಣ್ಣನಿಗೆ ನಾಲ್ಕು ವರ್ಷ ಬಾಕಿಯಿದೆ, ಈ ವಯಸ್ಸಿನಲ್ಲಿ ಅಂಟಿಸುವ ಕೆಲಸ ಬಿಟ್ಟು ಬೇರೆ ಬಾರದವನನ್ನು ಯಾರು ಕರೆದು ಕೂರಿಸುತ್ತಾರೆ, ನಮ್ಮ ಮೇಡಂ ನೋಡ್ಕೋತಾರೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಗೋಂದಣ್ಣನ ಹೆಸರು ಹೇಳಿ ನಿನ್ನ ಮುಖ ಉಳಿಸ್ಕೋತಿದೀಯ, ಇದು ಅಕ್ಕನ ದನಿ, ಇಲ್ಲಿಲ್ಲದ ಅಕ್ಕನ ದನಿ, ಹೌದಕ್ಕಾ, ಹೌದು, ಮೂವತ್ತೊಂದು ವರ್ಷದಲ್ಲಿ ನನಗೆ ಅಂತ ಇರೋದು ಆ ಒಂದು ಸಾಲು, ಅದನ್ನೂ ಬಿಟ್ಟುಕೊಡ್ಲಾ. ನಿನ್ನಿಂದಲೇ ಆದದ್ದು ಎಂದು ಅಕ್ಕನಿಗೆ ಅನ್ನಲು ಬಾಯಿ ಬರುವುದಿಲ್ಲ, ಅನ್ನುವುದೂ ಇಲ್ಲ, ಆದರೆ ಯೋಚನೆ ಬಂತು, ಆ ದಿನ ಅಕ್ಕ ಹತ್ತು ನಿಮಿಷ ತಡವಾಗಿ ಬಿದ್ದಿದ್ದರೆ, ಥೂ, ಎಂಥ ಯೋಚನೆ, ತನ್ನ ಮೇಲೇ ಹೇಸಿಗೆಯಾಯಿತು. ಎರಡು ಪದ. ನಾಲಿಗೆಯ ತುದಿಗೆ ಬಂದವು, ಗೋಂದಣ್ಣ—ಏನು ಮೇಡಂ, ಎಂದು ಅವನು ತಿರುಗಿ ನೋಡಿದ, ಹಣೆಯ ಮೇಲೆ ಬೆವರು, ಬಾಯಲ್ಲಿ ಟೇಪಿನ ತುಂಡು, ಕಣ್ಣಲ್ಲಿ ಆ ನಂಬಿಕೆ. ಏನಿಲ್ಲ, ನೀರು ಕುಡಿ, ಸುಸ್ತಾಗಿದ್ದೀಯ. ಅಷ್ಟೇ ಹೇಳಿದಳು. ಬೆರಳು ಗಾಜಿನ ಮೇಲೆ, ತುದಿಯಲ್ಲಿ ಮಸಿ, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ಇನ್ನೊಂದು ನಿಮಿಷ ಯೋಚಿಸಿ ಏಳುತ್ತೇನೆ, ಮುಖ್ಯಸ್ಥೆಗೆ ಒಂದು ನೆಪ ಹೇಳಿದರಾಯಿತು, ಯಾವ ನೆಪ, ಗೆದ್ದಲು ಬಿದ್ದಿದೆ ಅನ್ನಲೇ, ನೆಲಮಾಳಿಗೆಯಲ್ಲಿ ಲೆಕ್ಕ ತಪ್ಪಿದೆ ಅನ್ನಲೇ, ಯಾವುದೂ ನಿಲ್ಲುವುದಿಲ್ಲ, ಇನ್ನೊಂದು ನಿಮಿಷ—ಹೊರಗೆ ಲಾರಿ ಹಿಂದಕ್ಕೆ ಸರಿಯುವ ಪೀಂ ಪೀಂ ಸದ್ದು, ಪೆಟ್ಟಿಗೆ ಎತ್ತುವವರ ಹುಯ್ಯಲು, ಒಂದರ ಮೇಲೊಂದು ಬೀಳುವ ಭಾರ, ಅವಳು ಕುರ್ಚಿಯ ಕೈಗಳನ್ನು ಹಿಡಿದುಕೊಂಡಿದ್ದಾಳೆ, ಏಳಲೆಂದೇ ಹಿಡಿದುಕೊಂಡದ್ದು, ಸದ್ದು ನಿಂತಿತು, ಗೇಟಿನ ಕಬ್ಬಿಣ ಕಿರುಗುಟ್ಟಿತು, ಗೋಂದಣ್ಣ ಕೈ ಕೊಡವುತ್ತ ಒಳಗೆ ಬಂದ. ಆಯ್ತು ಮೇಡಂ, ಕೊನೇ ಪೆಟ್ಟಿಗೇನೂ ಹೋಯ್ತು, ಇನ್ನು ನಾಲ್ಕು ಗಂಟೆಗೆ ನೀವು ಆ ತಪ್ಪು ತೋರಿಸಿ, ನಾನು ಕೆಳಗೆ ಕಾಯ್ತಿರ್ತೀನಿ.

ಮೂರು ಹತ್ತು. ಹೋಯಿತು, ಇನ್ನು ಯೋಚಿಸಬೇಕಾದದ್ದೇ ಇಲ್ಲ, ಒಂದು ಬಗೆಯ ನಿರಾಳ ಕೂಡ, ಅದು ಬಂದದ್ದಕ್ಕೇ ನಾಚಿಕೆ, ಆದರೆ ಇಲ್ಲ, ಇನ್ನೊಂದಿದೆ, ಇವತ್ತು ಸಂಜೆ ಕಂಪನಿಯವರು ಈ ಆರು ಸಾವಿರ ದಾಖಲೆಗಳನ್ನು ಅಳಿಸುತ್ತಾರೆ, ಮರೆಯಲ್ಲಿರುವವು ತಾವಾಗಿ ಬೇರೆ ಪಟ್ಟಿಯಾಗಿ ಎದ್ದುಬರುತ್ತವೆ, ಇನ್ನೂರ ಹದಿನಾಲ್ಕು, ಅವಳ ಮೊದಲಕ್ಷರಗಳ ಸಮೇತ, ಮುಖ್ಯಸ್ಥೆಯ ಮೇಜಿಗೆ. ಈಗಲೇ ಮರೆ ತೆಗೆದುಬಿಟ್ಟರೆ ಅವೂ ಉಳಿದವುಗಳ ಹಾಗೆ, ಯಾರೂ ಓದದ ಬಡಪಾಯಿ ಪುಸ್ತಕಗಳು, ಯಾರ ತಪ್ಪೂ ಇಲ್ಲ. ಕೈಗೆ ಕೆಲಸ ಗೊತ್ತು, ಎಲ್ಲವನ್ನೂ ಆರಿಸಿದಳು, ಮೊದಲನೆಯದರಿಂದ ಕೊನೆಯದರವರೆಗೆ, ಚೌಕದ ಗುರುತು ಅಳಿಸಿದಳು, ಒಂದೇ ಏಟಿಗೆ, ತನ್ನ ಹಳೆಯ ಪದ್ಧತಿಯಂತೆಯೇ, ಗುಂಡಿ ಒತ್ತಿದಳು, ಹನ್ನೊಂದು ವರ್ಷ ಬಾಕಿ ಉಳಿದಿದ್ದ ಗುಂಡಿ. ಉಳಿಸಲಾಗಿದೆ, ಅಂದಿತು ಪರದೆ. ಉಸಿರು ಬಿಟ್ಟಳು, ತಲೆಯೆತ್ತಿದಳು, ಗಾಜಿನಾಚೆ ಸಭಾಂಗಣದಲ್ಲಿ ಏನೋ ಮಿನುಗಿತು—ಸೋಮವಾರ ಕಂಪನಿಯವರು ಗೋಡೆಗೆ ಹಾಕಿದ ಆ ದೊಡ್ಡ ಪರದೆ, ಹೊಸದಾಗಿ ಬೆಳಕಿಗೆ ಬಂದ ದಾಖಲೆಗಳನ್ನು ತಾನಾಗಿ ಓದುಗರಿಗೆ ತೋರಿಸುವುದು, ಯಾರೂ ಏನೂ ಮಾಡಬೇಕಿಲ್ಲ ಮೇಡಂ ಅಂದಿದ್ದಳು ಮುಖ್ಯಸ್ಥೆ, ಎಲ್ಲ ಆಟೋಮ್ಯಾಟಿಕ್. ಹೊಸ ಸೇರ್ಪಡೆ, ಅಡುಗೆಮನೆಯ ವಿನ್ಯಾಸ. ಹೊಸ ಸೇರ್ಪಡೆ, ಸೇತುವೆ ಕಟ್ಟುವ ಕೆಲಸ, ಪ್ರತಿ ಒಂದು, ಕಪಾಟಿನಲ್ಲಿ ಲಭ್ಯ. ಲಭ್ಯ, ಲಭ್ಯ, ಅವಳ ಕೈ ಗುಂಡಿಗಳ ಮೇಲೆ ತಡಕಾಡಿತು, ಮತ್ತೆ ಮರೆ ಹಾಕಬೇಕು, ಎಲ್ಲಿದೆ, ಎಲ್ಲಿ ಆ ಚೌಕ, ದಯವಿಟ್ಟು ಕಾಯಿರಿ ಎಂದು ತಿರುಗುತ್ತಿದೆ ಒಂದು ವೃತ್ತ, ಇನ್ನೂರ ಹದಿನಾಲ್ಕಕ್ಕೂ ಮರೆ ಬೀಳಲು ಸ್ವಲ್ಪ ಹೊತ್ತು ಬೇಕು, ಮೂರನೆಯ ಮೇಜಿನಲ್ಲಿ ಪತ್ರಿಕೆ ಮಡಿಸಿದ ಸದ್ದು ಗಾಜಿನ ಈಚೆಗೆ ಕೇಳಿಸಲಾರದು, ಆದರೂ ಕೇಳಿಸಿತು, ಅವರು ಎದ್ದಿದ್ದಾರೆ, ಮೇಲೆ ನೋಡುತ್ತಿದ್ದಾರೆ, ಕುರ್ಚಿಯ ಬೆನ್ನು ಹಿಡಿದು, ಮೇಜಿನ ಅಂಚು ಹಿಡಿದು, ಒಂದೊಂದೇ ಹೆಜ್ಜೆ ಗೋಡೆಯ ಕಡೆಗೆ, ಏನಾಯ್ತು ಮೇಡಂ ಎನ್ನುತ್ತಿದ್ದಾನೆ ಗೋಂದಣ್ಣ, ಮುಖ ಯಾಕೆ ಹೀಗಾಯ್ತು, ಕನ್ನಡಕ ಹಣೆಗೇರಿತು, ಮುಖ ಪರದೆಯ ಹತ್ತಿರ, ಊರ ಗೋಡೆಗಳ ಪಾಚಿ, ಅದರ ಕೆಳಗೆ ಮಗಳ ಹೆಸರು, ಅದರ ಕೆಳಗೆ ಲಭ್ಯ, ಎಡಗೈ ಜೇಬಿನಲ್ಲಿ ಪೆನ್ನು ಹುಡುಕುತ್ತಿದೆ, ಚೀಟಿ ಬರೆಯಲು, ಕೌಂಟರಿಗೆ ಕೊಡಲು, ಬಲಗೈಯ ಬೆರಳು ಮಸಿಯ ಬೆರಳು ಗಾಜಿನ ಮೇಲೆ, ಆ ಹೆಸರಿನ ಕೆಳಗೆ, ತೆಗೆಯುತ್ತಿಲ್ಲ, ಬೆರಳು, ಗಾಜಿನ ಮೇಲೆ, ಬೆರಳು